ಜಗಳ ಯಾರೊಡನೆ?

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ವಾರ ರಾತ್ರಿ ಪಾಳಿ ಬಿಟ್ಟ ಹೊತ್ತಿನಲ್ಲಿ ಗಿರಣಿಯ ಮುಂದೆ ನಡೆದ ಜಗಳವನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಲಾರಿ ತಗುಲಿ ನಮ್ಮವನೊಬ್ಬನ ಸೈಕಲ್ಲಿನ ಚಕ್ರ ಸೊಟ್ಟಗಾಯಿತು. ಪುಣ್ಯಕ್ಕೆ ಕಾಲು ಉಳಿಯಿತು. ನಾವು ಡ್ರೈವರನನ್ನು ಕೆಳಗೆಳೆದೆವು. ಎಳೆದ ಮೇಲೆ ನೋಡಿದರೆ, ಅವನೂ ಎರಡು ರಾತ್ರಿ ನಿದ್ದೆಗೆಟ್ಟ ಕೂಲಿಯವನೇ. ಲಾರಿಯ ಸಾಹುಕಾರ ಮನೆಯಲ್ಲಿ ಮಲಗಿದ್ದ.

ನಮ್ಮ ತಪ್ಪನ್ನು ಮೊದಲು ಹೇಳಿಬಿಡೋಣ. ಮೂರು ಮೂರು ಜನ ಸಾಲಾಗಿ ಹರಟುತ್ತ ಹೋಗುತ್ತೇವೆ. ದೀಪವಿಲ್ಲ. ಎದುರು ದಿಕ್ಕಿನಿಂದ ನುಗ್ಗುತ್ತೇವೆ. ಇದು ಸರಿಯಲ್ಲ. ಆದರೆ ಎರಡು ಕಡೆಯ ತಪ್ಪೂ ಒಂದೇ ತೂಕದ್ದಲ್ಲ. ಮೇಷ್ಟ್ರ ಹಳೆಯ ಚಾಳಿ, ಸ್ವಲ್ಪ ಲೆಕ್ಕ ಹೇಳುತ್ತೇವೆ, ಬೇಸರಪಡಬೇಡಿ. ಸವಾರನೂ ಸೈಕಲ್ಲೂ ಸೇರಿ 100 ಕಿಲೋ ಎನ್ನಿ. ವೇಗ ಗಂಟೆಗೆ 15 ಕಿಲೋಮೀಟರು. ಕಾರು 1000 ಕಿಲೋ, ವೇಗ 45. ತೂಕ ಹತ್ತುಪಟ್ಟು. ವೇಗ ಮೂರುಪಟ್ಟಾದರೆ ಅದರ ಶಕ್ತಿ ಒಂಬತ್ತುಪಟ್ಟು. ಒಟ್ಟಿಗೆ ತೊಂಬತ್ತು. ಲಾರಿಯ ಲೆಕ್ಕ ನೀವೇ ಹಾಕಿಕೊಳ್ಳಿ.

ಹಗುರಾದವನನ್ನೇ ರಸ್ತೆಯಿಂದಾಚೆ ತಳ್ಳುವ ಬುದ್ಧಿವಂತರೂ ಇದ್ದಾರೆ. ಕಲ್ಕತ್ತೆಯ ಪೊಲೀಸರು 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ಲನ್ನು ನಿಷೇಧಿಸಿದರು. ಮೋಟಾರುಗಳ ಓಟಕ್ಕೆ ಅಡ್ಡಿಯಂತೆ! ಪೆಟ್ಟು ಬಿದ್ದದ್ದು ಯಾರಿಗೆ? ಹಾಲಿನವನಿಗೆ, ಪತ್ರಿಕೆ ಹಂಚುವವನಿಗೆ, ಕೂಲಿಗೆ ಹೊರಟವನಿಗೆ. ಜನ ಪ್ರತಿಭಟಿಸಿದರು, ಕೋರ್ಟಿನ ಮೆಟ್ಟಿಲೂ ಹತ್ತಿದರು. ನಿಷೇಧದ ರಸ್ತೆಗಳ ಸಂಖ್ಯೆ ಇಳಿಯಿತು. 2020ರಲ್ಲಿ ಸೋಂಕಿನ ಕಾಲಕ್ಕೆ ಜನ ಕೆಲಸಕ್ಕೆ ಹೋಗುವುದೇ ಕಷ್ಟವಾದಾಗ ಅದೇ ಪೊಲೀಸರು ನಿಯಮ ಸಡಿಲಿಸಿದರು.

ಹಾಲೆಂಡಿನಲ್ಲಿ 1971ರ ಒಂದೇ ವರ್ಷ 3000ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯ್ತಂದೆಯರು ಬೀದಿಗಿಳಿದರು. ಇಂದು ಅಲ್ಲಿ ಊರೂರಿಗೂ ಸೈಕಲ್ಲಿನ ದಾರಿಯಿದೆ. ಯಾರೂ ದಾನ ಕೊಟ್ಟದ್ದಲ್ಲ.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಗೊತ್ತುಪಡಿಸಿದ ಕ್ರಮ ಮೀರಿ ರಸ್ತೆ ಮಾಡಿ ಸಾವೋ ಅಂಗವಿಕಲತೆಯೋ ಸಂಭವಿಸಿದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿಯವರೆಗೆ ದಂಡವಿದೆ. ಡ್ರೈವರನ ಅಂಗಿ ಹಿಡಿಯುವ ನಾವು ಕಂಟ್ರಾಕ್ಟರನ ಮನೆ ಎಲ್ಲಿದೆಯೆಂದು ಕೇಳಿಲ್ಲ.

ವರ್ತಕ ಬಂಧುಗಳು ಕೋಪಿಸಿಕೊಳ್ಳಬಾರದು. ಅಂಗಡಿಯ ಮುಂದೆ ಮೂಟೆ ಪೇರಿಸಿ ನಮ್ಮನ್ನು ಲಾರಿಯ ಚಕ್ರದತ್ತ ಸರಿಸುವವರಲ್ಲಿ ನೀವೂ ಇದ್ದೀರಿ. ಸೈಕಲ್ಲು ನಿಲ್ಲಿಸಿ ಕಾಲು ಕಿಲೋ ಬೇಳೆ ಕೊಳ್ಳುವವನೇ ನಿಮ್ಮ ಗಿರಾಕಿ. ಕಾರಿನವನು ನಿಮ್ಮಲ್ಲಿ ನಿಲ್ಲುವುದಿಲ್ಲ.

ಗಿರಣಿಯಿಂದ ಪೇಟೆಯವರೆಗೆ ಸೈಕಲ್ಲಿಗೆ ಬೇರೆ ಪಟ್ಟಿ, ಬೀದಿ ದೀಪ, ಪಾಳಿ ಬಿಡುವ ಅರ್ಧ ಗಂಟೆ ಲಾರಿಗೆ ತಡೆ — ಇವು ನಮ್ಮ ಬೇಡಿಕೆ. ಸೋಮವಾರ ಬೆಳಗ್ಗೆ 10ಕ್ಕೆ ನಗರಸಭೆಯ ಮುಂದೆ ಸೇರೋಣ. ಸೈಕಲ್ಲಿನಲ್ಲೇ ಬನ್ನಿ. ಆ ಲಾರಿಯ ಡ್ರೈವರನಿಗೂ ಹೇಳಿಕಳಿಸಿದ್ದೇವೆ, ಬರುತ್ತೇನೆಂದಿದ್ದಾನೆ.