ಗಿಡ್ಡ ಇಲಿಯೂ ಬೀಜದ ಹೋರಿಯೂ



ಒಂದೇ ಕೊಟ್ಟಿಗೆಯಲ್ಲಿ ಒಂದೇ ಮೇವನ್ನು ತಿಂದ ಕರುಗಳಲ್ಲಿ ಒಂದು ಮಾತ್ರ ಗಿಡ್ಡಾಗಿ ಉಳಿದರೆ ದೋಷವನ್ನು ಮೇವಿನ ಮೇಲೆಯೋ ಜಂತುಹುಳುವಿನ ಮೇಲೆಯೋ ಹೊರಿಸುವುದು ರೂಢಿ. ಬಹುಮಟ್ಟಿಗೆ ಅದು ಸರಿಯೇ. ಆದರೆ ಮೇವಿನಿಂದ ನೀಗದ ಗಿಡ್ಡುತನವೂ ಒಂದುಂಟು. ಅದರ ಮರ್ಮವನ್ನು ತಿಳಿಸಿಕೊಟ್ಟ ಪ್ರಾಣಿಯು ಕಣಜದ ಶತ್ರುವಾದ ಸುಂಡಿಲಿಯೇ ಆಗಿರುವುದು.

ಅಮೆರಿಕಾ ದೇಶದ ಸ್ನೆಲ್ ಎಂಬ ವಿದ್ವಾಂಸರು 1929ರಲ್ಲಿ ಇಂಥ ಇಲಿಗಳನ್ನು ವರ್ಣಿಸಿದರು. ಹುಟ್ಟಿದಾಗ ಇವು ಒಡಹುಟ್ಟಿದವುಗಳಂತೆಯೇ ಕಾಣುವುವು. ಎರಡನೆಯ ವಾರದ ಸುಮಾರಿಗೆ ಹಿಂದೆ ಬೀಳುವುವು. ಬಲಿತ ಇಲಿಯು ಎರಡು ತೊಲಕ್ಕೆ ಮೇಲ್ಪಟ್ಟು ತೂಗಿದರೆ, ಇವು ಮುಕ್ಕಾಲು ತೊಲದ ಆಸುಪಾಸಿನಲ್ಲಿಯೇ ನಿಲ್ಲುವುವು. ಎಷ್ಟು ತಿನ್ನಿಸಿದರೂ ಫಲವಿಲ್ಲ.

ಕಾರಣವು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿಯಲ್ಲಿದೆ. ಮನುಷ್ಯನಲ್ಲಿ ಅದು ಕಡಲೆಕಾಳಿನಷ್ಟು ಮಾತ್ರ. ಅದು ರಕ್ತಕ್ಕೆ ಬಿಡುವ ಹಾರ್ಮೋನುಗಳಲ್ಲಿ ಒಂದು ಎಲುಬನ್ನು ಬೆಳೆಸುವುದು, ಒಂದು ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸುವುದು, ಮತ್ತೊಂದು ಕೆಚ್ಚಲಿನಲ್ಲಿ ಹಾಲುಂಟುಮಾಡಲು ನೆರವಾಗುವುದು. ಗಿಡ್ಡ ಇಲಿಯಲ್ಲಿ ಈ ಮೂರೂ ಇಲ್ಲ. ಪಿಟ್-1 ಎಂಬ ಒಂದೇ ವಂಶವಾಹಿ ಕೆಟ್ಟುದರಿಂದ ಅವುಗಳನ್ನು ತಯಾರಿಸುವ ಕಣಗಳೇ ಹುಟ್ಟಲಿಲ್ಲವೆಂದು 1990ರಲ್ಲಿ ಗೊತ್ತಾಯಿತು.

ಅದಕ್ಕೆ ಬಹು ಮುಂಚೆಯೇ, 1930ರಲ್ಲಿ, ಸ್ಮಿತ್ ಮತ್ತು ಮ್ಯಾಕ್‌ಡೊವೆಲ್ ಎಂಬವರು ದೊಡ್ಡ ಇಲಿಗಳ ಪಿಟ್ಯುಟರಿಯನ್ನು ಗಿಡ್ಡ ಇಲಿಗಳ ಮೈಯಲ್ಲಿ ಮೇಲಿಂದ ಮೇಲೆ ಇಟ್ಟು ನೋಡಿದ್ದರು. ನಿಂತುಹೋಗಿದ್ದ ಇಲಿಗಳು ಬೆಳೆದುವು!

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ಹಾರ್ಮೋನು ಮೈಯನ್ನು ತಿದ್ದಿತೇ ಹೊರತು ಬೀಜವನ್ನು ತಿದ್ದಲಿಲ್ಲ. ಹಾಗೆ ಬೆಳೆಸಿದ ಇಲಿಯು ಮರಿಹಾಕಿಸಿದರೂ ಪ್ರತಿಯೊಂದು ಮರಿಗೂ ಕೆಟ್ಟ ವಂಶವಾಹಿಯೇ ಹೋಗುವುದು.

ಗಿಡ್ಡ ಮರಿಯ ತಂದೆತಾಯಿಗಳು ನೋಡಲು ದೃಢಕಾಯವಾಗಿಯೇ ಇರುವುವು. ದೋಷವು ಎರಡರಲ್ಲಿಯೂ ಅರ್ಧ ಪಾಲು ಅಡಗಿದ್ದು, ಸರಾಸರಿ ನಾಲ್ಕು ಮರಿಗಳಿಗೆ ಒಂದರಲ್ಲಿ ಹೊರಬೀಳುವುದು; ಉಳಿದ ಮೂರರಲ್ಲಿ ಎರಡು ಅದನ್ನು ಗುಟ್ಟಾಗಿ ಹೊತ್ತಿರುವುವು.

ಅಮೆರಿಕಾದ ಹೆರೆಫರ್ಡ್ ದನಗಳಲ್ಲಿ 1940ರಿಂದ 1960ರ ನಡುವೆ ಗಿಡ್ಡ ಕರುಗಳು ಹೆಚ್ಚಿ ದನಗಾರರು ಬಹಳ ನಷ್ಟಪಟ್ಟರು. ಆ ದೋಷವು ಎಲುಬಿನದು, ಪಿಟ್ಯುಟರಿಯದಲ್ಲ. ಆದರೆ ಅಡಗಿ ಬರುವ ಕ್ರಮ ಇದೇ. ಗುಟ್ಟಾಗಿ ದೋಷ ಹೊತ್ತ ಹೋರಿಗಳು ಗಿಡ್ಡನೆ ಗಟ್ಟಿಮುಟ್ಟಾಗಿ ಕಂಡುದರಿಂದ ಅವನ್ನೇ ಬೀಜಕ್ಕೆ ಆರಿಸಿದ್ದರು. ಆದುದರಿಂದ ಒಂದೇ ಹೋರಿಗೆ ಹಲವು ಹಸುಗಳಲ್ಲಿ ಇಂಥ ಕರುಗಳು ಹುಟ್ಟಿದರೆ, ಹೋರಿ ಎಷ್ಟೇ ಚೆಲುವಾಗಿದ್ದರೂ ಅದನ್ನು ಊರಿನ ಹಸುಗಳಿಗೆ ಬಿಡಿಸಕೂಡದು. ಆ ಹಸುಗಳ ಬೇರೆ ಗಂಡುಕರುಗಳನ್ನೂ ಬೀಜಕ್ಕೆ ಇಡಕೂಡದು.