ಅಲ್ಪವಿರಾಮ ಮತ್ತು ಕೇರೆಹಾವು



ನಾನು ಓದಿದ್ದು ವಿಜ್ಞಾನ, ಮಾಡುತ್ತಿರುವುದು ಕಾರ್ಯಕ್ರಮ ನಿರ್ಮಾಣ. ಇಂಗ್ಲಿಷ್ ವ್ಯಾಕರಣದ ಬಗ್ಗೆ ಮಾತನಾಡುವ ಧೈರ್ಯ ಬಂದದ್ದು ನನ್ನದೇ ಒಂದು ತಪ್ಪಿನಿಂದ.

ಹಾವುಗಳನ್ನು ಕುರಿತ ಒಂದು ಕಾರ್ಯಕ್ರಮಕ್ಕೆ ಇಂಗ್ಲಿಷ್ ಅಡಿಬರಹ ಸಿದ್ಧಪಡಿಸುತ್ತಿದ್ದೆ. 'ವಿಷವಿರುವ ಹಾವುಗಳಿಂದ ದೂರವಿರಬೇಕು' ಎಂಬ ಮಾತಿಗೆ ನಾನು ಬರೆದದ್ದು: 'ಸ್ನೇಕ್ಸ್, ವಿಚ್ ಆರ್ ವೆನಮಸ್, ಶುಡ್ ಬಿ ಅವಾಯ್ಡೆಡ್.' ಪದಗಳೆಲ್ಲ ಸರಿಯೇ. ಆದರೆ ಆ ಎರಡು ಅಲ್ಪವಿರಾಮಗಳಿಂದ ಅರ್ಥ ಹೀಗಾಗಿತ್ತು: ಹಾವುಗಳೆಲ್ಲವೂ ವಿಷದವು, ಆದ್ದರಿಂದ ಎಲ್ಲ ಹಾವುಗಳಿಂದಲೂ ದೂರವಿರಬೇಕು. ಕಾರ್ಯಕ್ರಮ ಹೇಳಹೊರಟಿದ್ದು ಇದಕ್ಕೆ ತದ್ವಿರುದ್ಧ. ನಮ್ಮ ದೇಶದ ಬಹುಪಾಲು ಹಾವುಗಳಿಂದ ಮನುಷ್ಯನಿಗೆ ಅಪಾಯವಿಲ್ಲ. ಗದ್ದೆಯ ಇಲಿಗಳನ್ನು ತಿಂದು ರೈತನಿಗೆ ನೆರವಾಗುವ ಕೇರೆಹಾವನ್ನು ಜನ ನಾಗರಹಾವೆಂದು ತಿಳಿದು ಹೊಡೆದುಹಾಕುತ್ತಾರೆ ಎಂಬುದೇ ಅದರ ತಿರುಳು. ಪ್ರಸಾರಕ್ಕೆ ಮುಂಚೆ ಹಿರಿಯ ಸಹೋದ್ಯೋಗಿಯೊಬ್ಬರು ಎರಡೂ ಚಿಹ್ನೆಗಳನ್ನು ತೆಗೆಸಿದರು. ಕೇರೆಹಾವು ಬದುಕಿಕೊಂಡಿತು!

ಅಲ್ಪವಿರಾಮವಿಲ್ಲದಾಗ 'ವಿಚ್ ಆರ್ ವೆನಮಸ್' ಎಂಬ ಉಪವಾಕ್ಯ ಹಾವುಗಳ ನಡುವೆ ಕೆಲವನ್ನು ಆರಿಸಿ ತೋರಿಸುತ್ತದೆ. ಇದೇ ಡಿಫೈನಿಂಗ್ ರಿಲೇಟಿವ್ ಕ್ಲಾಸ್. ಅದನ್ನು ಕಿತ್ತುಹಾಕಿದರೆ ಯಾವ ಹಾವು ಎಂಬುದೇ ತಿಳಿಯದು.

ನಾವೇಕೆ ಇಲ್ಲಿ ಎಡವುತ್ತೇವೆ? ಕನ್ನಡದಲ್ಲಿ ಈ ಭೇದವನ್ನು ಬರೆದು ತೋರಿಸುವ ಅಗತ್ಯವೇ ಇಲ್ಲ. 'ಅಂಗಡಿಯಲ್ಲಿ ಕುಳಿತಿರುವ ಹುಡುಗ' ಎಂದಾಗ ಯಾವ ಹುಡುಗನೆಂದು ಗುರುತಿಸುತ್ತೇವೆ. 'ಭೂಮಿಯನ್ನು ಸುತ್ತುವ ಚಂದ್ರ' ಎಂದಾಗ ಗುರುತಿಸಲು ಏನೂ ಇಲ್ಲ, ಭೂಮಿಗಿರುವುದು ಒಂದೇ ಚಂದ್ರ. ಆದರೂ ಎರಡರ ರಚನೆ ಒಂದೇ. ಇಂಗ್ಲಿಷಿನಲ್ಲಿ ಚಂದ್ರನಿಗೆ ಅಲ್ಪವಿರಾಮ ಬೇಕು, ಹುಡುಗನಿಗೆ ಬೇಡ.

ಇನ್ನೊಂದು ತೊಡಕು ಇದಕ್ಕಿಂತ ಸ್ವಾರಸ್ಯಕರ. 'ನಾನು ಬರೆದ ಪತ್ರ', 'ನಾನು ಬರೆದ ಪೆನ್ನು' ಎಂಬ ಎರಡನ್ನೂ ನೋಡಿ. ಪತ್ರವನ್ನು ಬರೆದೆ, ಪೆನ್ನಿನಿಂದ ಬರೆದೆ. ವಿಭಕ್ತಿ ಬೇರೆ ಬೇರೆ, ಆದರೆ 'ಬರೆದ' ಎಂಬ ಒಂದೇ ಕೃದಂತ ಎರಡನ್ನೂ ನುಂಗಿಬಿಡುತ್ತದೆ. ಉಳಿದದ್ದು ಕೇಳುವವರ ಬುದ್ಧಿಗೆ ಬಿಟ್ಟದ್ದು. ಇಂಗ್ಲಿಷ್ ಅಷ್ಟು ಉದಾರಿಯಲ್ಲ. 'ದ ಲೆಟರ್ ದಟ್ ಐ ರೋಟ್' ಸಾಕು. ಪೆನ್ನಿಗಾದರೆ 'ದ ಪೆನ್ ದಟ್ ಐ ರೋಟ್ ವಿತ್' ಎಂದು ಕೊನೆಯ 'ವಿತ್' ಬರಲೇಬೇಕು. 'ನಾನು ಓದಿದ ಶಾಲೆ' ಎನ್ನುವಾಗಲೂ ಹಾಗೆಯೇ: 'ದ ಸ್ಕೂಲ್ ದಟ್ ಐ ಸ್ಟಡೀಡ್ ಇನ್.' ಆ 'ಇನ್' ನಮ್ಮ ಉತ್ತರಪತ್ರಿಕೆಗಳಲ್ಲಿ ಎಷ್ಟು ಸಲ ಕಾಣೆಯಾಗುತ್ತದೆಂದು ನಿಮ್ಮ ಅಧ್ಯಾಪಕರನ್ನೇ ಕೇಳಿ. ಕೆಲವರು ಬೇಡದ್ದನ್ನು ಸೇರಿಸುವುದೂ ಉಂಟು: 'ದ ಬುಕ್ ದಟ್ ಐ ಬಾಟ್ ಇಟ್.' 'ಇಟ್' ಮಾಡಬೇಕಾದ ಕೆಲಸವನ್ನು 'ದಟ್' ಆಗಲೇ ಮಾಡಿದೆ.

ಇಲ್ಲಿ 'ದಟ್' ಬಿಟ್ಟು 'ದ ಬುಕ್ ಐ ಬಾಟ್' ಎಂದರೂ ಸರಿ, ಏಕೆಂದರೆ ಪುಸ್ತಕ ಕರ್ಮ. ಆದರೆ 'ದ ಬಾಯ್ ಬಾಟ್ ದ ಬುಕ್ ಈಸ್ ಮೈ ಬ್ರದರ್' ಆಗದು. ಹುಡುಗ ಪುಸ್ತಕ ಕೊಂಡ, ವಾಕ್ಯ ಮುಗಿಯಿತು ಎಂದುಕೊಂಡ ಕೇಳುಗ 'ಈಸ್' ಬಂದೊಡನೆ ದಾರಿ ತಪ್ಪುತ್ತಾನೆ. ಅಲ್ಲಿ 'ಹೂ' ಬೇಕೇ ಬೇಕು.

'ದಟ್' ಸರಿಯೋ 'ವಿಚ್' ಸರಿಯೋ ಎಂಬ ಜಗಳ ಹಳೆಯದು. ಗುರುತಿಸುವ ಉಪವಾಕ್ಯಕ್ಕೆ 'ದಟ್' ಇರಲಿ ಎಂದು ಫೌಲರ್ 1926ರ ತಮ್ಮ ಬಳಕೆಯ ಕೋಶದಲ್ಲಿ ಸೂಚಿಸಿದರು. ಬ್ರಿಟಿಷರೇ ಪೂರ್ತಿ ಒಪ್ಪಲಿಲ್ಲ. ನೀವು ಎರಡನ್ನೂ ಬಳಸಬಹುದು. ಅಲ್ಪವಿರಾಮದ ನಂತರ ಮಾತ್ರ 'ದಟ್' ಬೇಡ.

ಓದುವ ಧ್ವನಿಯಲ್ಲಿ ಅಲ್ಪವಿರಾಮ ಒಂದು ಪುಟ್ಟ ನಿಲುಗಡೆ. ಈ ವಾಕ್ಯವನ್ನು ಒಮ್ಮೆ ನಿಲ್ಲಿಸಿ, ಒಮ್ಮೆ ನಿಲ್ಲಿಸದೆ ಗಟ್ಟಿಯಾಗಿ ಓದಿ: 'ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು ಈಸ್ ಎ ಡಾಕ್ಟರ್.' ಯಾವ ಓದಿನಲ್ಲಿ ಅಣ್ಣ ಒಬ್ಬನೇ, ಯಾವುದರಲ್ಲಿ ಒಬ್ಬನಿಗಿಂತ ಹೆಚ್ಚು ಎಂದು ಗೆಳೆಯರೊಡನೆ ಚರ್ಚಿಸಿ ನೋಡಿ.