ತೆರೆಯ ಹಿಂದಿನ ಕೆಲಸಗಾರ

ಮಕ್ಕಳ ಪರೀಕ್ಷೆಯ ಶುಲ್ಕವನ್ನು ನಾವು ಈಗ ಮನೆಯಲ್ಲಿಯೇ ಕುಳಿತು ಜಾಲತಾಣದ ಮೂಲಕ ಸಲ್ಲಿಸುತ್ತೇವೆ. ‘ಸ್ವೀಕರಿಸಿದೆ’ ಎಂಬ ಉತ್ತರ ಕ್ಷಣಮಾತ್ರದಲ್ಲಿ ಬರುತ್ತದೆ. ಪ್ರವೇಶಪತ್ರ ಮಾತ್ರ ಸ್ವಲ್ಪ ತಡೆದು ಇ-ಮೇಲಿಗೆ ಬಂದು ಸೇರುತ್ತದೆ. ಈ ಎರಡು ಕೆಲಸಗಳನ್ನು ಮಾಡುವವರು ಬೇರೆ ಬೇರೆಯಾಗಿರುವುದುಂಟು.

ಜಾಲತಾಣವನ್ನು ನಡೆಸುವ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ಬಂದವರಿಗೆ ಉತ್ತರ ಕೊಡುವ ಪ್ರೋಗ್ರಾಮು ಅಲ್ಲಿ ಮುಂಬಾಗಿಲ ಗುಮಾಸ್ತನಿದ್ದಂತೆ. ಪ್ರತಿಯೊಬ್ಬರ ಪತ್ರವನ್ನೂ ಅವನೇ ಬರೆಯುತ್ತ ನಿಂತರೆ ಹಿಂದಿನವರೆಲ್ಲ ಕಾಯಬೇಕಾದೀತು. ಆದುದರಿಂದ ಅವನು ಒಂದು ಚೀಟಿ ಬರೆದು ಸರತಿಯಲ್ಲಿಟ್ಟು ಮುಂದಿನವರನ್ನು ಕರೆಯುತ್ತಾನೆ. ಒಳಕೋಣೆಯ ಇನ್ನೊಂದು ಪ್ರೋಗ್ರಾಮು ಆ ಚೀಟಿಗಳನ್ನು ಒಂದೊಂದಾಗಿ ಎತ್ತಿಕೊಂಡು ಕೆಲಸ ಮುಗಿಸುತ್ತದೆ. ಇದಕ್ಕೆ ವರ್ಕರ್, ಎಂದರೆ ಕೆಲಸಗಾರ, ಎನ್ನುತ್ತಾರೆ.

ತೊಡಕು ಇರುವುದು ಇಲ್ಲಿಯೇ. ಗುಮಾಸ್ತ ನಿಂತರೆ ಊರಿಗೆಲ್ಲ ತಿಳಿಯುತ್ತದೆ. ಕೆಲಸಗಾರ ನಿಂತರೆ ಯಾರಿಗೂ ತಿಳಿಯುವುದಿಲ್ಲ. ‘ಸ್ವೀಕರಿಸಿದೆ’ ಎಂಬ ಉತ್ತರ ಹೋಗುತ್ತಲೇ ಇರುತ್ತದೆ, ಚೀಟಿಗಳ ರಾಶಿ ಬೆಳೆಯುತ್ತಲೇ ಇರುತ್ತದೆ. ಪರೀಕ್ಷೆಯ ದಿನ ಹುಡುಗನ ಕೈಯಲ್ಲಿ ಪತ್ರವಿಲ್ಲ.

ಕೆಲಸಗಾರ ನಿಲ್ಲುವುದಕ್ಕೆ ಕಾರಣಗಳು ಹಲವು. ಯಂತ್ರದ ಸ್ಮರಣಶಕ್ತಿ ಸಾಲದೆ ಹೋಗಬಹುದು. ಸರ್ವರನ್ನೇ ನಿಲ್ಲಿಸಿ ಮತ್ತೆ ಹೊರಡಿಸಿರಬಹುದು. ದೂರದಿಂದ ಅವನನ್ನು ಹೊರಡಿಸಿದವರು ತಮ್ಮ ಸಂಪರ್ಕ ಕಡಿದುಕೊಂಡಾಗಲೂ ಅವನು ನಿಲ್ಲಬಹುದು. ಆಗ ಬರುವ ಸಂಜ್ಞೆಗೆ ಯೂನಿಕ್ಸ್ ಪದ್ಧತಿಯಲ್ಲಿ ‘ಹ್ಯಾಂಗಪ್’ ಎಂದು ಹೆಸರು; ಟೆಲಿಫೋನ್ ತಂತಿಯಲ್ಲಿ ಯಂತ್ರಗಳೊಡನೆ ವ್ಯವಹರಿಸುತ್ತಿದ್ದ ಕಾಲದ ಮಾತು ಅದು.

ಆದುದರಿಂದ ಕೆಲಸಗಾರನಿಗೊಬ್ಬ ಮೇಲ್ವಿಚಾರಕ ಬೇಕು. ಲಿನಕ್ಸ್ ಯಂತ್ರಗಳಲ್ಲಿ 2010ರಲ್ಲಿ ಬಂದ ಸಿಸ್ಟಮ್‌ಡಿ ಎಂಬ ಪ್ರೋಗ್ರಾಮು ಈ ಹೊಣೆ ಹೊರಬಲ್ಲದು. ಯಂತ್ರ ಎದ್ದಾಗ ಕೆಲಸಗಾರನನ್ನೂ ಎಬ್ಬಿಸು, ಕುಸಿದರೆ ಮತ್ತೆ ನಿಲ್ಲಿಸು ಎಂದು ಅದಕ್ಕೆ ಬರೆದಿಡಬೇಕು. ಬರೆಯದಿದ್ದರೆ ಅದು ತಾನಾಗಿ ಮಾಡದು. 10 ಸೆಕೆಂಡುಗಳಲ್ಲಿ 5 ಸಲ ಹೊರಡಿಸಿದರೂ ಕುಸಿದರೆ, ಸಾಮಾನ್ಯ ನಿಯಮದಂತೆ, ಅದು ಕೈಚೆಲ್ಲುತ್ತದೆ. ನಿಲ್ಲಿಸಬೇಕಾದಾಗಲೂ ಮೊದಲು ಸೂಚನೆ ಕೊಟ್ಟು, ಸಾಮಾನ್ಯವಾಗಿ 90 ಸೆಕೆಂಡು ಕಾದು, ಆಮೇಲೆ ಬಲಾತ್ಕಾರವಾಗಿ ನಿಲ್ಲಿಸುತ್ತದೆ. ಒಳ್ಳೆಯ ಕೆಲಸಗಾರ ಆ ಅವಧಿಯಲ್ಲಿ ಕೈಯಲ್ಲಿರುವ ಚೀಟಿಯನ್ನು ಮುಗಿಸುತ್ತಾನೆ.

ಮುಗಿಸಲಾಗದಿದ್ದರೆ? ಕೆಲಸ ಪೂರ್ತಿಯಾದ ಮೇಲೆಯೇ ಚೀಟಿಯನ್ನು ಹರಿಯಬೇಕು. ಹಾಗೆ ಮಾಡಿದರೆ ಅರ್ಧಕ್ಕೆ ನಿಂತ ಕೆಲಸ ಮತ್ತೆ ಸರತಿಗೆ ಬರುತ್ತದೆ. ಆದರೆ ಅದರಿಂದ ಒಂದೇ ಚೀಟಿ ಎರಡು ಸಲ ಕೈಗೆ ಬರುವ ಸಂಭವವೂ ಉಂಟು. ಒಬ್ಬನೇ ವಿದ್ಯಾರ್ಥಿಗೆ ಎರಡು ನಂಬರು ಬೀಳದಂತೆ, ಹಿಂದೆಯೇ ಕೊಟ್ಟಿದೆಯೆ ಎಂದು ಮೊದಲು ನೋಡಿಕೊಳ್ಳಬೇಕು.

ಶಾಲೆಗೋ ಸಹಕಾರ ಸಂಘಕ್ಕೋ ಜಾಲತಾಣ ಮಾಡಿಸುವವರು ಮೂರು ಪ್ರಶ್ನೆಗಳನ್ನು ಕೇಳಿದರೆ ಒಳ್ಳೆಯದು. ಕೆಲಸಗಾರ ಬಿದ್ದರೆ ಎಬ್ಬಿಸುವವರು ಯಾರು? ಅರ್ಧಕ್ಕೆ ನಿಂತ ಚೀಟಿಯ ಗತಿ ಏನು? ಸರತಿಯ ಮೊದಲ ಚೀಟಿ ಎಷ್ಟು ಹೊತ್ತಿನಿಂದ ಕಾದಿದೆ ಎಂಬುದನ್ನು ನೋಡುತ್ತಿರುವವರು ಯಾರು? ಕೆಲಸಗಾರ ಉಸಿರಾಡುತ್ತಿದ್ದಾನೆ ಎಂದ ಮಾತ್ರಕ್ಕೆ ಕೆಲಸ ನಡೆಯುತ್ತಿದೆ ಎಂದು ಹೇಳಲಾಗದು. ಆದುದರಿಂದ ಈ ಮೂರನೆಯ ಪ್ರಶ್ನೆಯೇ ಹೆಚ್ಚಿನದು.